ಮಾನ್ಯ ಕುಲಪತಿಗಳೇ, ಕಂಪ್ಯೂಟರ್ ಲ್ಯಾಬಿಗೂ ಮೊದಲು ಒಂದು ವರ್ಕ್‌ಶಾಪ್ ಕೊಡಿ

ಇವರಿಗೆ,
ಮಾನ್ಯ ಕುಲಪತಿಗಳು ಮತ್ತು ಸಿಂಡಿಕೇಟ್ ಸದಸ್ಯರು,
ದಾವಣಗೆರೆ ವಿಶ್ವವಿದ್ಯಾಲಯ,
ಶಿವಗಂಗೋತ್ರಿ, ತೋಳಹುಣಸೆ.

ಮಾನ್ಯರೇ,

ನಿಮ್ಮ ವಿಶ್ವವಿದ್ಯಾಲಯದಲ್ಲಿ ಪೀಠೋಪಕರಣ ಮತ್ತು ಉತ್ಪನ್ನ (ದಿನಬಳಕೆಯ ಸಾಮಾನು) ವಿನ್ಯಾಸದ ನಾಲ್ಕು ವರ್ಷದ ಪದವಿ ಶುರು ಮಾಡಿ ಎಂದು ಕೇಳಲು ಈ ಪತ್ರ. ಕೇಳುವುದು ಇಷ್ಟೇ ಆಗಿದ್ದರೆ ಒಂದು ಅರ್ಜಿ ಬರೆದು ನಿಮ್ಮ ಕಚೇರಿಯಲ್ಲಿ ಕೊಟ್ಟು, ಸೀಲು ಹಾಕಿಸಿಕೊಂಡು ಬರುತ್ತಿದ್ದೆ. ಬಹಿರಂಗವಾಗಿ ಬರೆಯಲು ಬೇರೆ ಕಾರಣ ಇದೆ. ಈ ಕೋರ್ಸ್ ಬರಲಿ ಎಂಬ ಆಸೆ ಎಷ್ಟಿದೆಯೋ, ಅದು ಹೇಗೆ ಬರಬಹುದು ಎಂಬ ಭಯವೂ ಅಷ್ಟೇ ಇದೆ. ಮೂವತ್ತು ಕಂಪ್ಯೂಟರು, ಒಂದು ಪ್ರೊಜೆಕ್ಟರು, ಇಬ್ಬರು ಅತಿಥಿ ಉಪನ್ಯಾಸಕರು, ಬಾಗಿಲಿಗೊಂದು ಫ್ಲೆಕ್ಸು. ಇಷ್ಟಿದ್ದರೆ ಉದ್ಘಾಟನೆ ಆಗಿಬಿಡುತ್ತದೆ. ಹಾಗೆ ಮಾಡುವುದಾದರೆ ದಯವಿಟ್ಟು ಶುರು ಮಾಡಲೇಬೇಡಿ. ಮರ, ಕಬ್ಬಿಣ, ಬಿದಿರು ಮುಟ್ಟದೆ ಈ ವಿದ್ಯೆ ಬರಲ್ಲ.

ನನ್ನ ಪರಿಚಯ ಎರಡೇ ಮಾತಲ್ಲಿ ಹೇಳುತ್ತೇನೆ. ನಾನು ದಾವಣಗೆರೆಯವಳು. ಪೀಠೋಪಕರಣ ವಿನ್ಯಾಸ ಓದಲು ರಾಜ್ಯ ಬಿಟ್ಟು ಹೋದೆ. ಓದು ಮುಗಿಸಿ ಬೆಂಗಳೂರಿನಲ್ಲಿ ಒಂದಷ್ಟು ವರ್ಷ ಕೆಲಸ ಮಾಡಿದೆ. ಈಗ ಊರಲ್ಲೇ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಕುರ್ಚಿ, ಮೇಜು, ಹೋಟೆಲ್ ಬೆಂಚು, ಅಂಗಡಿ ಕೌಂಟರ್ ಮಾಡುತ್ತೇವೆ. ನಮ್ಮ ಬಡಾವಣೆಯ ಹಿರಿಯರು ಇವತ್ತಿಗೂ ಕೇಳುತ್ತಾರೆ: "ಅಲ್ಲವ್ವಾ, ಬಡಿಗೇರ ಕೆಲಸಕ್ಕೆ ಡಿಗ್ರಿ ಯಾಕೆ ಬೇಕಿತ್ತು?" ಪ್ರಶ್ನೆ ತಪ್ಪೇನಲ್ಲ. ನಿಮ್ಮ ಸಿಂಡಿಕೇಟ್ ಸಭೆಯಲ್ಲೂ ಯಾರಾದರೂ ಕೇಳೇ ಕೇಳುತ್ತಾರೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಮಾಮೂಲಿ ಕುರ್ಚಿ ತಗೊಳ್ಳಿ. ನೆಲದಿಂದ ಕೂರುವ ಹಲಗೆಗೆ 18 ಇಂಚು. ಪೇಟೆಯಲ್ಲಿ ಸಿಗುವ ಕುರ್ಚಿಗಳ ಅಳತೆ ಹೆಚ್ಚುಕಮ್ಮಿ ಇಷ್ಟೇ. ಇದನ್ನು ಯಾರು ಗೊತ್ತು ಮಾಡಿದರು ಅಂತ ಅಂಗಡಿಯಲ್ಲಿ ಕೇಳಿದರೆ "ಸ್ಟ್ಯಾಂಡರ್ಡ್ ಸೈಜ್ ಮೇಡಂ" ಅನ್ನುತ್ತಾರೆ. ಈಗ ಐದು ಅಡಿ ಎತ್ತರದ ಒಬ್ಬ ಹೆಣ್ಣುಮಗಳನ್ನು ಅದರ ಮೇಲೆ ಕೂರಿಸಿ. ಪಾದದಿಂದ ಮೊಣಕಾಲಿನ ಹಿಂದಿನ ಮಡಿಕೆವರೆಗೆ ಆಕೆಗೆ ಸುಮಾರು 15 ಇಂಚು. ಚಪ್ಪಲಿ ಹಾಕಿದರೆ ಇನ್ನೊಂದು ಇಂಚು ಸೇರಬಹುದು. ಪೂರ್ತಿ ಹಿಂದಕ್ಕೆ ಸರಿದು ಕೂತರೆ ಹಿಮ್ಮಡಿ ನೆಲ ಮುಟ್ಟಲ್ಲ. ಹಲಗೆಯ ಮುಂದಿನ ಅಂಚು ತೊಡೆಯ ಕೆಳಗೆ ಒತ್ತುತ್ತದೆ, ಕಾಲು ಜೋಮು ಹಿಡಿಯುತ್ತದೆ. ಅದಕ್ಕೇ ಆಕೆ ಮುಂದಕ್ಕೆ ಜರುಗಿ ಅಂಚಿನಲ್ಲಿ ಕೂರುತ್ತಾಳೆ. ಆಗ ಬೆನ್ನಿಗೆ ಆಸರೆ ಇಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಲ್ಯಾಣ ಮಂಟಪದಲ್ಲಿ ನಮ್ಮ ಹೆಣ್ಣುಮಕ್ಕಳು ಕುರ್ಚಿಯ ತುದಿಯಲ್ಲಿ ಕೂತಿರುವುದನ್ನು ನೋಡಿ ಸಂಕೋಚ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಬರೀ ಎರಡು ಮೂರು ಇಂಚಿನ ಲೆಕ್ಕ.

ಈ ಪದವಿಯಲ್ಲಿ ಮೊದಲು ಕಲಿಸುವುದು ಇದನ್ನೇ. ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಭಾರತೀಯರ ದೇಹದ ಅಳತೆಗಳನ್ನು ಸಂಗ್ರಹಿಸಿ 1997ರಲ್ಲಿ ಪ್ರಕಟಿಸಿತು. ಅಲ್ಲಿಯವರೆಗೆ ನಮ್ಮಲ್ಲಿ ಹೆಚ್ಚಾಗಿ ಹೊರದೇಶದ ಕೋಷ್ಟಕಗಳೇ ಗತಿಯಾಗಿದ್ದವು. ವಿದ್ಯಾರ್ಥಿ ಆ ಅಂಕಿಗಳನ್ನು ಓದಿದರೆ ಸಾಲದು. ಟೇಪು ಹಿಡಿದು ತಾನೇ ಜನರ ಅಳತೆ ತೆಗೆಯಬೇಕು. ಬೋಲ್ಟು ಸಡಿಲಿಸಿ ಮೇಲೆ ಕೆಳಗೆ ಮಾಡಬಹುದಾದ ಒಂದು ಪ್ಲೈವುಡ್ ಕುರ್ಚಿ ಮಾಡಿ, ಅದರಲ್ಲಿ ಅಜ್ಜಿಯನ್ನೂ ಹೈಸ್ಕೂಲ್ ಹುಡುಗನನ್ನೂ ಅರ್ಧ ಗಂಟೆ ಕೂರಿಸಿ ನೋಡಬೇಕು. ಮೊದಲ ಎರಡು ನಿಮಿಷ ಯಾವ ಕುರ್ಚಿಯೂ ಚೆನ್ನಾಗೇ ಇರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಜನ ಮಿಸುಕಾಡಲು ಶುರು ಮಾಡುತ್ತಾರೆ. ಅವರು ಯಾವ ಕಡೆಗೆ ಹೊರಳುತ್ತಾರೆ, ಕೈ ಎಲ್ಲಿ ಊರುತ್ತಾರೆ ಅನ್ನುವುದರಲ್ಲಿ ಪಾಠ ಇದೆ.

ಆಮೇಲೆ ಗಟ್ಟಿತನದ ಮಾತು. ನಿಮ್ಮ ಮನೆಯಲ್ಲಿ ಅಲ್ಲಾಡುವ ಹಳೇ ಮರದ ಕುರ್ಚಿ ಇದ್ದರೆ ಬಗ್ಗಿ ನೋಡಿ. ಸಾಮಾನ್ಯವಾಗಿ ಸಡಿಲಾಗಿರುವುದು ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಕೀಲು. ಊಟ ಆದ ಮೇಲೆ ನಾವು ಹಿಂದಕ್ಕೆ ಒರಗಿ, ಮುಂದಿನ ಎರಡು ಕಾಲು ಎತ್ತಿ, ಎರಡೇ ಕಾಲಿನ ಮೇಲೆ ತೂಗಾಡುತ್ತೇವಲ್ಲ, ಆಗ ಮೈಭಾರವೆಲ್ಲ ಆ ಕೀಲನ್ನು ಮೀಟುತ್ತದೆ. ಒಳ್ಳೆ ಕೆಲಸಗಾರ ಅಲ್ಲಿ ಪಟ್ಟಿಯ ಅಗಲ ಹೆಚ್ಚಿಸುತ್ತಾನೆ, ಮೂಲೆಗೆ ಒಳಗಿನಿಂದ ತ್ರಿಕೋನದ ಮರ ಕೂರಿಸುತ್ತಾನೆ, ಇಲ್ಲವೇ ಕೆಳಗೆ ಇನ್ನೊಂದು ಅಡ್ಡಪಟ್ಟಿ ಕೊಡುತ್ತಾನೆ. ಗೊತ್ತಿಲ್ಲದವನು ಎರಡು ಮೊಳೆ ಹೊಡೆದು, ಅದರ ಮೇಲೊಂದು ಎಲ್ ಪಟ್ಟಿ ಹಾಕಿ ಕಳಿಸುತ್ತಾನೆ. ಮೊಳೆ ಹೊಡೆದಲ್ಲೇ ಮರ ಸೀಳುತ್ತದೆ.

ಇದೆಲ್ಲ ನಮ್ಮ ಆಚಾರ್ರಿಗೆ ಗೊತ್ತಿಲ್ಲವೇ ಅಂತ ಕೇಳಬಹುದು. ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಮನೆಗೆ ಬಂದು, ಕೂರುವವರನ್ನು ಕಣ್ಣಾರೆ ಕಂಡು, ಅಜ್ಜನಿಗೆ ಬೇಕಾದ ಎತ್ತರಕ್ಕೆ ಮಂಚ ಮಾಡಿಕೊಟ್ಟವರು ಅವರು. ಆದರೆ ಈಗ ಮೇಜು ಕುರ್ಚಿ ಹಾಗೆ ಹುಟ್ಟುತ್ತಿಲ್ಲ. ಒಂದೇ ಸಲಕ್ಕೆ ಸಾವಿರ ಡೆಸ್ಕು, ಕೂರುವವರ ಮುಖ ಯಾರೂ ನೋಡಿರಲ್ಲ. ಸರ್ಕಾರಿ ಸಂಸ್ಥೆಗಳು 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿ ಪಾರದರ್ಶಕವಾಗಿರಲಿ ಎಂದು ರಾಜ್ಯ ಮಾಡಿದ ಕಾಯ್ದೆ) ಪ್ರಕಾರ ಟೆಂಡರ್ ಕರೆಯುತ್ತವೆ. ಕರೆಯಲೇಬೇಕು, ಅದರಲ್ಲಿ ತಕರಾರಿಲ್ಲ. ಟೆಂಡರ್ ಕಾಗದದಲ್ಲಿ ಉದ್ದ, ಅಗಲ, ಕಬ್ಬಿಣದ ಗೇಜು, ಲ್ಯಾಮಿನೇಟಿನ ದಪ್ಪ ಎಲ್ಲ ಇರುತ್ತದೆ. ಕೂರುವವರು ಯಾರು, ಎಷ್ಟು ಹೊತ್ತು ಕೂರುತ್ತಾರೆ, ಏನು ಬರೆಯುತ್ತಾರೆ ಅನ್ನುವುದು ಇರಲ್ಲ. ನಾನು ಓದಿದ ಒಂದು ಕಾಲೇಜಿನಲ್ಲಿ ಬೆಂಚಿಗೂ ಡೆಸ್ಕಿಗೂ ನಡುವೆ ಎಷ್ಟು ಅಂತರ ಇತ್ತೆಂದರೆ, ಬರೆಯುವಾಗ ಎಲ್ಲರೂ ತುದಿಗೆ ಜರುಗಿ ಬಗ್ಗಬೇಕಿತ್ತು. ಎರಡನ್ನೂ ಒಂದೇ ಆ್ಯಂಗಲ್ಲಿಗೆ ವೆಲ್ಡ್ ಮಾಡಿದ್ದರು, ಹತ್ತಿರ ಎಳೆದುಕೊಳ್ಳಲೂ ಆಗದು. ಪರೀಕ್ಷೆ ಮೂರು ಗಂಟೆ. ಆ ಬೆಂಚಿನಲ್ಲಿ ಬೆನ್ನು ನೋವು ಬರಿಸಿಕೊಂಡವರು ಎಷ್ಟು ಜನರೋ, ಅದನ್ನು ಯಾರ ಖಾತೆಗೆ ಬರೆಯೋಣ?

ಟೆಂಡರ್ ಕರೆಯುವ ಮೊದಲು ಆ ಕಾಗದವನ್ನು ಸರಿಯಾಗಿ ಬರೆಯಬಲ್ಲ ಒಬ್ಬರು ಬೇಕು. ಆಚಾರ್ರಿಗೂ ಕಾರ್ಖಾನೆಗೂ ಕೂರುವವರಿಗೂ ನಡುವೆ ನಿಲ್ಲುವವರು. ನಾವು ಡಿಸೈನರ್ ಅನ್ನುವುದು ಅವರನ್ನೇ. ಸೋಫಾ ಬಟ್ಟೆಗೆ ಬಣ್ಣ ಆರಿಸುವವರು ಅಂತ ಊರಲ್ಲಿ ಒಂದು ಕಲ್ಪನೆ ಇದೆ. ಅದೂ ಕೆಲಸವೇ, ಆದರೆ ಅದು ಕೊನೆಯ ದಿನದ ಕೆಲಸ.

ಸಾಗಾಟದ ಲೆಕ್ಕವನ್ನೂ ಇವರೇ ಹಾಕಬೇಕು. 1859ರಲ್ಲಿ ಮೈಕೇಲ್ ಥೋನೆಟ್ ಎಂಬುವವರ ಕಂಪನಿ 14ನೇ ನಂಬರಿನ ಕುರ್ಚಿ ತಂದಿತು. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಮಾಡಿದ್ದು. ಇಡೀ ಕುರ್ಚಿಗೆ ಆರು ಮರದ ತುಂಡು, ಒಂದಿಷ್ಟು ಸ್ಕ್ರೂ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿತ್ತು. ಅದಕ್ಕೇ ಅದು ಯುರೋಪಿನ ಕಾಫಿ ಹೋಟೆಲುಗಳಿಂದ ಹಿಡಿದು ಸಮುದ್ರದಾಚೆಗೂ ಹೋಯಿತು. ನಮ್ಮ ಊರಿಂದ ಬೆಂಗಳೂರಿಗೆ ಜೋಡಿಸಿದ ಕುರ್ಚಿ ತುಂಬಿಕೊಂಡು ಹೋಗುವ ಲಾರಿ ನೋಡಿದಾಗೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ. ಬಾಡಿಗೆ ಕೊಡುವುದು ಮರಕ್ಕಿಂತ ಜಾಸ್ತಿ ಗಾಳಿಗೆ. ದಾವಣಗೆರೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೇ ಇದೆ, ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲೂ ಇದೆ. ಬಿಚ್ಚಿ ಜೋಡಿಸುವ ಸಾಮಾನು ಮಾಡಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಇನ್ನು ಮರದ ವಿಷಯ. ಇದನ್ನು ನಿಮ್ಮ ವ್ಯಾಪ್ತಿಯ ದಾವಣಗೆರೆ, ಚಿತ್ರದುರ್ಗದಲ್ಲೇ ಕಲಿಸಬೇಕು ಎಂದು ನಾನು ಹಟ ಹಿಡಿಯಲು ಇದು ದೊಡ್ಡ ಕಾರಣ. ಮರ ಕಡಿದ ಮೇಲೂ ಸುಮ್ನೆ ಇರಲ್ಲ. ಗಾಳಿಯಲ್ಲಿ ತೇವ ಹೆಚ್ಚಾದರೆ ಹೀರಿಕೊಂಡು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ, ಅಡ್ಡಕ್ಕೆ ಮಾತ್ರ ಜೋರು. ಅದರಲ್ಲೂ ವಾರ್ಷಿಕ ಉಂಗುರದ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಮಲೆನಾಡಿನ ಕಡೆಯಿಂದ ಮಳೆಗಾಲದಲ್ಲಿ ಬಂದ ಹಲಗೆಯನ್ನು ಸರಿಯಾಗಿ ಒಣಗಿಸದೆ ಮೇಜಿನ ಮೇಲ್ಭಾಗ ಮಾಡಿ, ನಾಲ್ಕೂ ಕಡೆ ಸ್ಕ್ರೂ ಬಿಗಿದು ಚಳ್ಳಕೆರೆಯ ಮನೆಗೆ ಕೊಟ್ಟರು ಅನ್ನಿ. ಏಪ್ರಿಲ್ ಬರುವಷ್ಟರಲ್ಲಿ ಹಲಗೆ ಕುಗ್ಗಲು ನೋಡುತ್ತದೆ, ಸ್ಕ್ರೂ ಬಿಡಲ್ಲ. ರಾತ್ರಿ ಹೊತ್ತು ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ನಡುವೆ ಉದ್ದಕ್ಕೆ ಬಿರುಕು. ಮನೆಯವರು ಮರ ಕಳಪೆ ಅನ್ನುತ್ತಾರೆ, ಸಾಮಿಲ್ಲಿನವರು ಆಚಾರ್ರ ತಪ್ಪು ಅನ್ನುತ್ತಾರೆ. ಸ್ಕ್ರೂ ತೂತನ್ನು ಅಡ್ಡಕ್ಕೆ ಸ್ವಲ್ಪ ಉದ್ದ ಕೊರೆದು, ಹಲಗೆಗೆ ಜರುಗಲು ಜಾಗ ಬಿಟ್ಟಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ರಾಜ್ಯದ ಒಣ ಜಿಲ್ಲೆಗಳಲ್ಲಿ ಒಂದಾದ ಚಿತ್ರದುರ್ಗ ಮಲೆನಾಡಿನ ಮಳೆಪ್ರದೇಶಕ್ಕೆ ಇಷ್ಟು ಹತ್ತಿರ ಇರುವುದರಿಂದ, ಮರದ ಈ ಸ್ವಭಾವ ಕಲಿಯಲು ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ಸಿಗಲ್ಲ.

ಮರ ಅಂದರೆ ತೇಗ ಒಂದೇ ಅಲ್ಲ ಅನ್ನುವುದನ್ನೂ ಇಲ್ಲಿ ಕಲಿಯಬಹುದು. ಹೊಸದುರ್ಗದ ಕಡೆ ತೆಂಗು ಇದೆ. ತೆಂಗಿನ ಕಾಂಡದ ಹೊರಭಾಗ ಕಬ್ಬಿಣದಂಥ ಗಟ್ಟಿ, ಒಳಗೆ ಹೋದಷ್ಟೂ ಮೆತ್ತಗೆ. ಅದನ್ನು ಮಾಮೂಲಿ ಮರದಂತೆ ಸೀಳಿದರೆ ಕೆಲಸಕ್ಕೆ ಬರಲ್ಲ. ಹೊರಗಿನ ಭಾಗ ಬೇರೆ ಮಾಡಿ ಪಟ್ಟಿಗಳಾಗಿ ಅಂಟಿಸಬೇಕು. ಬಳ್ಳಾರಿ ಜಾಲಿಯಂತೂ ಕೆರೆ, ಗೋಮಾಳ ಎಲ್ಲ ಕಡೆ ಹಬ್ಬಿದೆ. ರೈತರು ಅದನ್ನು ಬೈಯದ ದಿನವಿಲ್ಲ. ಕಡಿದು ಸೌದೆ ಮಾಡುತ್ತೇವೆ, ಇದ್ದಿಲು ಸುಡುತ್ತೇವೆ. ಆದರೆ ಅದರ ಮರ ಗಟ್ಟಿ, ಬಣ್ಣ ಚೆಂದ, ಒಣಗಿದ ಮೇಲೆ ಕುಗ್ಗುವುದೂ ಕಡಿಮೆ. ತೊಂದರೆ ಏನೆಂದರೆ ನೆಟ್ಟಗಿನ ಉದ್ದ ತುಂಡು ಸಿಗಲ್ಲ. ಗಿಡ್ಡ, ಸೊಟ್ಟ ತುಂಡುಗಳಿಂದ ಏನು ಮಾಡಬಹುದು? ಬೆರಳಿಗೆ ಬೆರಳು ಹೆಣೆದ ಹಾಗೆ ಕೀಲು ಕೊಟ್ಟು ಉದ್ದ ಮಾಡಬಹುದಾ? ಸ್ಟೂಲಿನ ಕಾಲಿಗೆ ಆಗುತ್ತದಾ? ಒಬ್ಬ ವಿದ್ಯಾರ್ಥಿಯ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಷ್ಟು ಸಾಕು. ಅಹಮದಾಬಾದಿನಲ್ಲಿ ಕೂತವರಿಗೆ ಹೊಸದುರ್ಗದ ತೆಂಗು ಹೊಳೆಯಲ್ಲ, ಪಾಪ ಅವರ ತಪ್ಪಲ್ಲ.

ಉತ್ಪನ್ನ ವಿನ್ಯಾಸಕ್ಕೂ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ. ಚನ್ನಗಿರಿ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಒಂದು ಸುಲಿಯುವ ಮನೆಗೆ ಹೋಗಿ. ಈಗ ಯಂತ್ರ ಬಂದಿದೆ, ಆದರೂ ಕೈಯಲ್ಲಿ ಸುಲಿಯುವುದು ನಿಂತಿಲ್ಲ. ಹೆಂಗಸರು ಒಂದು ಮಣೆ ಇಲ್ಲವೇ ಗಿಡ್ಡ ಸ್ಟೂಲಿನ ಮೇಲೆ ಕೂತು, ಮುಂದೆ ನಿಲ್ಲಿಸಿದ ಕತ್ತಿಗೆ ಕಾಯಿ ಒತ್ತಿ ಸಿಪ್ಪೆ ಬಿಡಿಸುತ್ತಾರೆ. ಬೆನ್ನು ಬಿಲ್ಲಾಗಿರುತ್ತದೆ. ಹೆಬ್ಬೆರಳು ಕತ್ತಿಯ ಅಂಚಿಗೆ ಅಂಗುಲ ದೂರದಲ್ಲಿ ಓಡುತ್ತಿರುತ್ತದೆ. ಕೂರುವ ಎತ್ತರ, ಕತ್ತಿಯ ಎತ್ತರ, ಕಾಯಿ ಬುಟ್ಟಿ ಇರುವ ಜಾಗ, ಬೆಳಕು ಯಾವ ಕಡೆಯಿಂದ ಬರುತ್ತದೆ, ಈ ನಾಲ್ಕನ್ನು ಯಾರಾದರೂ ಕೂತು ಅಳೆದಿದ್ದಾರಾ? ಸ್ಟೂಲಿಗೆ ಎರಡು ಇಂಚು ಹೆಚ್ಚಿಸಿ, ಒಂದು ಸೊಂಟದ ಆಸರೆ ಕೊಟ್ಟರೆ ಎಷ್ಟು ಹೆಂಗಸರ ನಡು ಉಳಿದೀತು! ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಆ ಸೀರೆ ನೇಯುವವರು ದಿನವಿಡೀ ಕೂರುವ ಹಲಗೆಯನ್ನೂ ಒಮ್ಮೆ ನೋಡಿ. ನಮ್ಮೂರ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವವರ ಪಾಡು ಬೇರೆ. ಅಲ್ಲಿ ಒಲೆಯ ಬಾಯಿ ಎಲ್ಲಿರಬೇಕು, ಹೊಗೆ ಎತ್ತ ಹೋಗಬೇಕು, ಜರಡಿ ಎಷ್ಟು ಎತ್ತರದಲ್ಲಿದ್ದರೆ ಭುಜ ನೋಯಲ್ಲ ಅನ್ನುವುದೆಲ್ಲ ವಿನ್ಯಾಸದ ಪ್ರಶ್ನೆಯೇ. ನಾವು ಖಾರ ಮಂಡಕ್ಕಿ ತಿಂದು, ಮಿರ್ಚಿ ಕಡಿದು ಎದ್ದು ಬರುತ್ತೇವೆ.

ಊರ ತುಂಬ ಆಸ್ಪತ್ರೆಗಳಿವೆ. 1965ರಿಂದ ಮೆಡಿಕಲ್ ಕಾಲೇಜು ಇರುವ ಊರು ಇದು. ಸುತ್ತಲಿನ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ, ಜೊತೆಗೆ ಒಬ್ಬರು ನೋಡಿಕೊಳ್ಳುವವರೂ ಇರುತ್ತಾರೆ. ರಾತ್ರಿ ಅವರು ಮಲಗುವುದು ಮಂಚದ ಕೆಳಗೆ, ಇಲ್ಲವೇ ಎರಡು ಸ್ಟೂಲು ಜೋಡಿಸಿ. ಹಗಲು ಕೂರುವುದಕ್ಕೆ, ರಾತ್ರಿ ಬಿಚ್ಚಿ ಮಲಗುವುದಕ್ಕೆ ಆಗುವ, ಫಿನಾಯಿಲ್ ಹಾಕಿ ಒರೆಸಬಹುದಾದ, ಎರಡು ಅಡಿ ಜಾಗದಲ್ಲಿ ಹಿಡಿಸುವ ಒಂದು ಬೆಂಚು ಬೇಕು. ಇದು ಒಂದು ಸೆಮಿಸ್ಟರಿನ ಕೆಲಸ, ಮಾಡಿದರೆ ಊರೇ ಬಳಸುತ್ತದೆ.

ಬೇರೆಡೆ ಹೋಗಿ ಓದಬಹುದಲ್ಲ ಅನ್ನುವವರಿಗೆ ಒಂದೆರಡು ಮಾತು. ದೇಶದಲ್ಲಿ ಈ ಓದಿಗೆ ಹೆಸರಾದ ಜಾಗಗಳಿವೆ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸುತ್ತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ತುಂಬ ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ಎಷ್ಟು ನೀರು ಹಿಡಿಯಬೇಕು, ತಲೆ ಮೇಲೋ ಸೊಂಟದಲ್ಲೋ ಹೊರುವಾಗ ತೂಕ ಹೇಗೆ ನಿಲ್ಲಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೋ ಇಲ್ಲವೋ, ಹೀಗೆ ಪ್ರಶ್ನೆ ಕೇಳುತ್ತಾ ಹೋಗಿ ಅಂದರು. 1961ರಲ್ಲಿ ಎನ್‌ಐಡಿ ಶುರುವಾಯಿತು. 1969ರಲ್ಲಿ ಐಐಟಿ ಬಾಂಬೆಯಲ್ಲಿ ಐಡಿಸಿ ಎಂಬ ವಿನ್ಯಾಸ ಕೇಂದ್ರ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪನ್ನ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ. ಎಲ್ಲ ಒಳ್ಳೆಯ ಜಾಗಗಳೇ. ಆದರೆ ಪೀಠೋಪಕರಣ ವಿನ್ಯಾಸವನ್ನೇ ವಿಶೇಷವಾಗಿ ಓದಲು ಎನ್‌ಐಡಿಗೆ ಹೋಗಬೇಕೆಂದರೆ ಅಹಮದಾಬಾದಿಗೇ ಹೋಗಬೇಕು. ಸೀಟು ಬೆರಳೆಣಿಕೆಯಷ್ಟು, ಫೀಸು ವರ್ಷಕ್ಕೆ ಲಕ್ಷದ ಮಾತು. ಐಐಟಿಗಳ ವಿನ್ಯಾಸ ಪದವಿಗೆ ಇರುವ ಯುಸೀಡ್ ಪ್ರವೇಶ ಪರೀಕ್ಷೆಯನ್ನು ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು, ಒಳ್ಳೆಯದೇ. ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷಿನಲ್ಲೇ. ಜಗಳೂರಿನ ಸರ್ಕಾರಿ ಪಿಯು ಕಾಲೇಜಿನಲ್ಲಿ ಕನ್ನಡದಲ್ಲಿ ಓದಿ, ಅಪ್ಪನ ಜೊತೆ ರಜೆಯಲ್ಲಿ ಕಿಟಕಿ ಚೌಕಟ್ಟು ಮಾಡುವ ಹುಡುಗನಿಗೆ ಇಂಥದೊಂದು ಪರೀಕ್ಷೆ ಇದೆ ಅನ್ನುವುದೇ ಗೊತ್ತಿರಲ್ಲ. ಕೈಗೆ ಕೆಲಸ ಹತ್ತಿದವನು ಅವನೇ. ಅವನನ್ನು ಬಿಟ್ಟು ಉಳಿದವರನ್ನೆಲ್ಲ ಆರಿಸುವ ಏರ್ಪಾಡು ನಮ್ಮದು.

ಆದ್ದರಿಂದ ನಿಮ್ಮ ಪ್ರವೇಶ ಪರೀಕ್ಷೆ ಕನ್ನಡದಲ್ಲೂ ಇರಲಿ. ಅರ್ಧ ಪರೀಕ್ಷೆ ಕೈಕೆಲಸ ಇರಲಿ. ರಟ್ಟು, ದಾರ, ಬಿದಿರ ಕಡ್ಡಿ ಕೊಟ್ಟು ಒಂದು ಇಟ್ಟಿಗೆ ಹೊರುವ ಸ್ಟ್ಯಾಂಡ್ ಮಾಡಲು ಹೇಳಿ. ಯಾರಿಗೆ ಬರುತ್ತದೆ, ಯಾರಿಗೆ ಬರಲ್ಲ ಅನ್ನುವುದು ಒಂದು ಗಂಟೆಯಲ್ಲಿ ಕಾಣುತ್ತದೆ. ಐಟಿಐನಲ್ಲಿ ಒಂದು ವರ್ಷದ ಕಾರ್ಪೆಂಟರ್ ಟ್ರೇಡ್ ಮುಗಿಸಿದವರಿಗೆ ಮುಂದೆ ಓದಲು ಒಂದು ದಾರಿ ತೆರೆದಿಡಿ. ಪದವಿ ಆಗದಿದ್ದರೆ ಸರ್ಟಿಫಿಕೇಟ್ ಕೋರ್ಸ್ ಆದರೂ ಇರಲಿ. ಒಂದೇ ವರ್ಕ್‌ಶಾಪಿನಲ್ಲಿ ಎರಡೂ ಗುಂಪು ಕೆಲಸ ಮಾಡಿದರೆ ಲಾಭ ಜಾಸ್ತಿ ಪದವಿಯವರಿಗೇ.

ಕಲಿಸುವವರು ಯಾರು ಅನ್ನುವುದು ನಿಮ್ಮ ದೊಡ್ಡ ತಲೆನೋವು, ಗೊತ್ತು. ಪಿಎಚ್‌ಡಿ, ನೆಟ್ ಆದವರಲ್ಲಿ ಉಳಿ ಹಿಡಿಯಬಲ್ಲವರು ಸಿಗುವುದು ಕಷ್ಟ. ಇದಕ್ಕೆ ಯುಜಿಸಿಯೇ (ವಿಶ್ವವಿದ್ಯಾಲಯ ಅನುದಾನ ಆಯೋಗ) ದಾರಿ ಕೊಟ್ಟಿದೆ. 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಮಾರ್ಗಸೂಚಿ ಪ್ರಕಾರ, ಕನಿಷ್ಠ 15 ವರ್ಷ ಅನುಭವ ಇರುವ ತಜ್ಞರನ್ನು ಔಪಚಾರಿಕ ಪದವಿಯ ಕಟ್ಟುಪಾಡಿಲ್ಲದೆ ಕರೆಸಿಕೊಳ್ಳಬಹುದು. ಮಂಜೂರಾದ ಹುದ್ದೆಗಳ ಶೇ 10ರ ಮಿತಿಯಲ್ಲಿ. ನಿವೃತ್ತ ಅಧಿಕಾರಿಗಳನ್ನೋ ಕಂಪನಿಯ ದೊಡ್ಡವರನ್ನೋ ಕರೆಸಲು ಇದನ್ನು ಬಳಸುವವರಿದ್ದಾರೆ. ನೀವು ನಲವತ್ತು ವರ್ಷ ರಥ, ಬಾಗಿಲು, ತೊಟ್ಟಿಲು ಮಾಡಿದ ಒಬ್ಬ ಆಚಾರ್ರನ್ನು ಈ ಹೆಸರಲ್ಲಿ ಕರೆತನ್ನಿ. ಕಡತದ ಮೇಲೆ ಆಕ್ಷೇಪಣೆ ಬಂದೇ ಬರುತ್ತದೆ, ಉತ್ತರ ಬರೆಯಿರಿ. ಹರಿಹರದಲ್ಲಿ 1941ರಿಂದ ಲೇತ್ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಕಾಲವಾಯಿತು, ಆದರೆ ಅಲ್ಲಿ ಪಳಗಿದ ಕೈಗಳು ಇನ್ನೂ ಹರಿಹರದಲ್ಲಿ, ದಾವಣಗೆರೆಯಲ್ಲಿ ಇವೆ. ಲೋಹದ ಕೆಲಸ ಕಲಿಸಲು ಅವರಿಗಿಂತ ಬೇಕಾ?

ಕುಶಲಕರ್ಮಿಯೂ ಓದಿದವರೂ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಜೈಪುರ ಕಾಲು ಇದೆಯಲ್ಲ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಸೇರಿ ಮಾಡಿದ ಕೃತಕ ಕಾಲು ಅದು. ಹೊರದೇಶದ ಕಾಲುಗಳಿಗೆ ಶೂ ಬೇಕಿತ್ತು, ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಇದನ್ನು ಹಾಕಿಕೊಂಡು ಬರಿಗಾಲಲ್ಲಿ ಹೊಲಕ್ಕೆ ಇಳಿಯಬಹುದು, ಚಕ್ಕಳ ಮಕ್ಕಳ ಹಾಕಿ ಊಟಕ್ಕೆ ಕೂರಬಹುದು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಡಾಕ್ಟರಿಗೆ ಬಂತು. ಶರ್ಮಾ ಅವರ ಹೆಸರು ಎಷ್ಟು ಜನಕ್ಕೆ ಗೊತ್ತು ಅನ್ನುವುದು ಬೇರೆ ಮಾತು, ಆದರೆ ನಿಮ್ಮ ವಿಭಾಗದಲ್ಲಿ ಹಾಗಾಗದಿರಲಿ. ಆಚಾರ್ರ ಹೆಸರು ಸಿಬ್ಬಂದಿ ಪಟ್ಟಿಯಲ್ಲಿ 'ಸಹಾಯಕ' ಅಂತ ಬರಕೂಡದು.

ಪರೀಕ್ಷಾಂಗದವರಿಗೆ ನನ್ನ ಈ ಮಾತು ಹಿಡಿಸಲಿಕ್ಕಿಲ್ಲ. ಮೂರು ಗಂಟೆ ಕೂತು 'ಉತ್ತಮ ಕುರ್ಚಿಯ ಲಕ್ಷಣಗಳನ್ನು ವಿವರಿಸಿ' ಅಂತ ಬರೆಸಿದರೆ ಈ ಪದವಿ ಸತ್ತಂತೆಯೇ. ಕುರ್ಚಿ ಮಾಡಿಸಿ, ಪರೀಕ್ಷಕರನ್ನು ಅದರಲ್ಲಿ ಕೂರಿಸಿ. ಮೌಲ್ಯಮಾಪನಕ್ಕೆ ಒಬ್ಬ ಆಚಾರ್ರು, ಒಬ್ಬ ತಯಾರಕರು, ಅದನ್ನು ದಿನಾ ಬಳಸುವವರು ಒಬ್ಬರು ಇರಲಿ. ವೇಳಾಪಟ್ಟಿಯ ಕಷ್ಟವೂ ಹೀಗೇ. ಒಂದು ಗಂಟೆಯ ಪೀರಿಯಡ್ಡಿನಲ್ಲಿ ಮರಗೆಲಸ ಆಗಲ್ಲ. ಕೀಲಿಗೆ ಅಂಟು ಹಾಕಿ ಕ್ಲ್ಯಾಂಪ್ ಬಿಗಿದರೆ ಅದು ಗಂಟೆಗಟ್ಟಲೆ ಹಾಗೇ ಇರಬೇಕು, ಬೆಲ್ ಹೊಡೆಯಿತು ಅಂತ ಬಿಚ್ಚಿಕೊಂಡು ಹೋಗಲು ಆಗದು. ದಿನಕ್ಕೆ ಅರ್ಧ ಹೊತ್ತು ವರ್ಕ್‌ಶಾಪಿಗೇ ಬಿಡಿ, ಸಂಜೆಯ ಮೇಲೂ ತೆರೆದಿಡಿ. ಹೆಣ್ಣುಮಕ್ಕಳು ಕೆಲಸ ಮುಗಿಸಿ ತೋಳಹುಣಸೆಯಿಂದ ಊರಿಗೆ ಬರಲು ಬಸ್ಸಿರಬೇಕು. ಇದು ಸಣ್ಣ ವಿಷಯ ಅನ್ನಿಸಬಹುದು. ಬಸ್ಸಿಲ್ಲ ಅಂದರೆ ಅಪ್ಪಂದಿರು ಕಳಿಸಲ್ಲ, ಅಷ್ಟೇ.

ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಗಿಲ್ಲ. 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯ ನಿಮ್ಮದೇ. ಚಿತ್ರ, ಶಿಲ್ಪ ಗೊತ್ತಿರುವ ಮೇಷ್ಟ್ರುಗಳು ಅಲ್ಲಿದ್ದಾರೆ. ಊರಲ್ಲಿ 1951ರಷ್ಟು ಹಳೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, ಬಿಐಇಟಿ ಎಂಬ ಇನ್ನೊಂದು ಎಂಜಿನಿಯರಿಂಗ್ ಕಾಲೇಜೂ ಇದೆ. ಅವರು ನಿಮ್ಮ ಅಧೀನದವರಲ್ಲ, ಆದರೆ ಮಾತಾಡಿದರೆ ಯಂತ್ರಗಳ ಲ್ಯಾಬು ಹಂಚಿಕೊಳ್ಳಬಹುದು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) 2022ರಲ್ಲಿ ಸಾಮಾನ್ಯ ಬಳಕೆಯ ಕುರ್ಚಿ, ಸ್ಟೂಲುಗಳಿಗೆ ಐಎಸ್ 17632 ಎಂಬ ಮಾನದಂಡ ತಂದಿದೆ. ಕುರ್ಚಿ ಎಷ್ಟು ಭಾರ, ಎಷ್ಟು ಸಲ ತಡೆಯುತ್ತದೆ ಎಂದು ಯಂತ್ರದಿಂದ ಒತ್ತಿ ಒತ್ತಿ ಪರೀಕ್ಷಿಸುವ ಲೆಕ್ಕ ಅದು. ನಮ್ಮಂಥ ಸಣ್ಣ ವರ್ಕ್‌ಶಾಪಿನವರಿಗೆ ಇಂಥ ಪರೀಕ್ಷೆಗೆ ಹತ್ತಿರದಲ್ಲಿ ಒಂದು ಜಾಗ ಸಿಕ್ಕರೆ ದುಡ್ಡು ಕೊಟ್ಟು ಮಾಡಿಸುತ್ತೇವೆ. ಚಿತ್ರದುರ್ಗದ ಜ್ಞಾನಗಂಗೋತ್ರಿಯಲ್ಲಿ, ಅಂದರೆ ನಿಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ, ಮರ ಒಣಗಿಸುವ ಒಂದು ಶೆಡ್ಡು ಹಾಕಿ ನೋಡಿ. ಅಲ್ಲಿಯ ಬಿಸಿಲು ಪುಕ್ಕಟೆ.

ಕೆಲಸ ಸಿಗುತ್ತಾ? ತಂದೆತಾಯಿಗಳು ಮೊದಲು ಕೇಳುವುದೇ ಇದು, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಕ್ಯಾಂಪಸ್ಸಿಗೆ ಕಂಪನಿಗಳು ಸಾಲುಗಟ್ಟಿ ಬರಲ್ಲ. ಬೆಂಗಳೂರಿನಲ್ಲಿ ಮಾಡ್ಯುಲರ್ ಕಿಚನ್ ಮಾಡುವವರು, ಆಫೀಸ್ ಪೀಠೋಪಕರಣದವರು, ಒಳಾಂಗಣ ಮಾಡುವವರು ತೆಗೆದುಕೊಳ್ಳುತ್ತಾರೆ. ಶುರುವಿನ ಸಂಬಳ ಸಾಫ್ಟ್‌ವೇರಿನವರಷ್ಟು ಇರಲ್ಲ. ಸ್ವಂತ ಮಾಡಿದರೆ ಮೊದಲ ಕೆಲವು ವರ್ಷ ಕಷ್ಟ. ಜೊತೆಗೆ, ನೀವು ಮಾಡಿದ್ದನ್ನು ಪಕ್ಕದವನು ಫೋಟೋ ತೆಗೆದು ಮುಂದಿನ ತಿಂಗಳು ಅರ್ಧ ಬೆಲೆಗೆ ಮಾರುತ್ತಾನೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಣಿ ಮಾಡಿಸಿದರೆ 10 ವರ್ಷ, ಆಮೇಲೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಮಾರುಕಟ್ಟೆಗೆ ಬಿಡುವ ಮೊದಲೇ ಅರ್ಜಿ ಹಾಕಿರಬೇಕು. ಇದನ್ನು ನಾಲ್ಕು ವರ್ಷದಲ್ಲಿ ಒಂದು ಪಾಠವಾಗಿಯಾದರೂ ಕಲಿಸಿ, ಹೊಟ್ಟೆಗೆ ಬೇಕಾದ ಪಾಠ ಇದು.

ಒಂದು ಸಲಹೆ. ಮೊದಲ ತಂಡದ ವಿದ್ಯಾರ್ಥಿಗಳಿಗೆ ನಿಮ್ಮ ವ್ಯಾಪ್ತಿಯ ಒಂದು ಕಾಲೇಜಿನ ಒಂದೇ ಒಂದು ತರಗತಿ ಕೊಠಡಿ ಬಿಟ್ಟುಕೊಡಿ. ಅಲ್ಲಿ ಕೂರುವ ಮಕ್ಕಳ ಅಳತೆ ತೆಗೆದು, ಅವರಿಗೆ ತಕ್ಕ ಬೆಂಚು ಡೆಸ್ಕು ಮಾಡಲಿ. ವರ್ಷ ಆದ ಮೇಲೆ ಯಾವುದು ಅಲ್ಲಾಡುತ್ತಿದೆ, ಯಾವುದರ ಮೇಲೆ ಕಂಪಾಸಿನಿಂದ ಹೆಸರು ಕೆತ್ತಿದ್ದಾರೆ, ಯಾವುದನ್ನು ಮೂಲೆಗೆ ತಳ್ಳಿದ್ದಾರೆ ನೋಡಲಿ. ಮುಂದಿನ ಸಲ ಟೆಂಡರ್ ಕಾಗದ ಬರೆಯುವಾಗ ಆ ಅಳತೆಗಳನ್ನು ಅದರಲ್ಲಿ ಹಾಕಿ. ಒಂದು ರೂಪಾಯಿಯೂ ದಂಡವಾಗಲ್ಲ.

ವರ್ಕ್‌ಶಾಪ್ ಎಂದ ಮೇಲೆ ಅಪಾಯದ ಮಾತನ್ನೂ ಹೇಳಬೇಕು. ನಮ್ಮ ಕಡೆ ಸಾಮಿಲ್ಲುಗಳಲ್ಲಿ ಬೆರಳು ಕಳೆದುಕೊಂಡವರನ್ನು ಹುಡುಕಬೇಕಾಗಿಲ್ಲ. ಗರಗಸದ ಚಕ್ರಕ್ಕೆ ಕವಚ ಇರುತ್ತದೆ, ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿರುತ್ತಾರೆ. ಮರದ ಸಣ್ಣ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ ಹೇಳಿದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ತಡೆಯಲ್ಲ. ಧೂಳು ಹೀರುವ ಯಂತ್ರವನ್ನು 'ಮುಂದಿನ ಅನುದಾನದಲ್ಲಿ ನೋಡೋಣ' ಅನ್ನಬೇಡಿ, ಮೊದಲ ಪಟ್ಟಿಯಲ್ಲೇ ಸೇರಿಸಿ. ಚಪ್ಪಲಿ, ಸಡಿಲ ದುಪಟ್ಟಾ, ಉಂಗುರ, ಬಿಟ್ಟ ಕೂದಲು ಹಾಕಿಕೊಂಡು ಯಂತ್ರದ ಹತ್ತಿರ ಬಿಡುವಂತಿಲ್ಲ ಅಂತ ಮೊದಲ ದಿನವೇ ಹೇಳಿ. ಮೊದಲ ಸೆಮಿಸ್ಟರ್ ಯಂತ್ರವೇ ಬೇಡ. ಉಳಿ, ಗರಗಸ, ಕೊಡತಿ, ಮೂಲೆಮಟ್ಟ ಸಾಕು.

ಮುಂದಿನ ಅಕಾಡೆಮಿಕ್ ಕೌನ್ಸಿಲ್ ಸಭೆಗೆ ಈ ವಿಷಯ ತನ್ನಿ. ಪಠ್ಯಕ್ರಮ ಬರೆಯಲು, ಯಂತ್ರಗಳ ಪಟ್ಟಿ ಮಾಡಲು, ವಾರಕ್ಕೆರಡು ದಿನ ಬಂದು ಪಾಠ ಮಾಡಲು ನಾನು ಸಿದ್ಧ. ನನ್ನಂತೆ ಹೊರಗೆ ಓದಿ ಈ ಎರಡು ಜಿಲ್ಲೆಗೆ ವಾಪಸ್ ಬಂದವರು ಇನ್ನೂ ಕೆಲವರಿದ್ದಾರೆ, ಕರೆದರೆ ಬರುತ್ತಾರೆ. ಕೊಠಡಿ ಗೊತ್ತು ಮಾಡುವಾಗ ಎರಡು ವಿಷಯ ನೆನಪಿಟ್ಟುಕೊಳ್ಳಿ. ತ್ರೀ ಫೇಸ್ ಕರೆಂಟ್ ಇರಬೇಕು. ಮತ್ತೆ, ನೆಲಮಹಡಿಯಲ್ಲೇ ಕೊಡಿ. ಎಂಟಡಿ ನಾಲ್ಕಡಿಯ ಪ್ಲೈವುಡ್ ಶೀಟನ್ನು ಮೆಟ್ಟಿಲ ತಿರುವಿನಲ್ಲಿ ಹೊರಳಿಸುವುದು ಇಬ್ಬರಿಂದಲೂ ಆಗಲ್ಲ.

ಇಂತಿ ತಮ್ಮ ವಿಶ್ವಾಸಿ,
ದಾವಣಗೆರೆಯ ಒಬ್ಬ ಪೀಠೋಪಕರಣ ವಿನ್ಯಾಸಗಾರ್ತಿ